ಬರೆದುಕೊಡದ ಒಂದು ಸಾಲು

ಖಾನಾವಳಿಯ ಸೊಸೆ ನನ್ನ ಕುರ್ಚಿಯಲ್ಲಿ ಮೊದಲ ಸಲ ಬಾಯಿ ತೆರೆದಾಗ ನಾನು ಮಾಡಿದ ಮೊದಲ ಕೆಲಸ ಅವಳಿಗೆ ಬೈದದ್ದು. ಇಪ್ಪತ್ತನಾಲ್ಕರ ಹುಡುಗಿ. ಕೆಳಸಾಲಿನ ಮುಂದಿನ ನಾಲ್ಕು ಹಲ್ಲು ಬೆರಳು ತಾಗಿಸಿದರೆ ಅಲ್ಲಾಡುತ್ತಿದ್ದವು. ಹಲ್ಲು ನೋಡುವ ಪುಟ್ಟ ಕನ್ನಡಿಯ ಅಂಚು ಮುಟ್ಟಿದ್ದಕ್ಕೇ ವಸಡಿನಿಂದ ರಕ್ತ ಇಳಿಯಿತು.

"ಎಷ್ಟು ದಿನ ಆತು ಹಿಂಗ ರಕ್ತ ಬರಾಕತ್ತಿ?"

"ಕೂಸು ಹೊಟ್ಟ್ಯಾಗಿದ್ದಾಗಿಂದ್ರಿ."

"ಕೂಸಿಗೆ ಈಗ ಎಷ್ಟು?"

"ವರ್ಷದ ಮ್ಯಾಲ ನಾಕು ತಿಂಗಳ್ರಿ."

"ಎರಡು ವರ್ಷ ರಕ್ತ ನುಂಗಿಕೋತ ಕುಂತಿದ್ದೇನವ್ವಾ? ಕಣ್ಣಾಗ ಬಂದಿದ್ರ ಹಿಂಗ ಸುಮ್ನಿರ್ತಿದ್ದೇನು?"

"ನಮ್ಮವ್ವಗೂ ಹಿಂಗ ಇತ್ರಿ ಮೇಡಂ. ಮೂವತ್ತೈದು ತುಂಬೂದ್ರಾಗ ಎಲ್ಲಾ ಹಲ್ಲು ಹೋದ್ವು. ನಮ್ಮ ಮನಿಗೆ ಇದು ಬಂದದ್ದ ಅಂದ್ಕಂಡಿದ್ದೆ" ಎಂದಳು. ಅವಳ ತವರು ಚಿಗಟೇರಿ. ಮದುವೆಯಾಗಿ ಕೊಟ್ಟೂರಿಗೆ ಬಂದು ಮೂರು ವರ್ಷ. ನನ್ನ ಕ್ಲಿನಿಕ್ಕಿನಿಂದ ಎರಡು ಓಣಿ ಆಚೆಗಿನ ಖಾನಾವಳಿ ಅವಳ ಗಂಡನ ಮನೆಯವರದು. ಒಲೆಯ ಮುಂದೆ ರೊಟ್ಟಿ ಬಡಿಯುವವಳು ಇವಳೇ. ದಿನಾ ಮಧ್ಯಾಹ್ನ ನನ್ನ ಡಬ್ಬಿಗೆ ಬರುವ ಎರಡು ಬಿಸಿ ಜೋಳದ ರೊಟ್ಟಿ ಇವಳ ಕೈಯವು ಎಂದು ನನಗೆ ಅವತ್ತೇ ಗೊತ್ತಾದದ್ದು.

ಮಿಲಿಮೀಟರ್ ಗೆರೆ ಇರುವ ತೆಳು ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಇಳಿಸಿ ಆಳ ನೋಡುವುದು ನಮ್ಮ ಕ್ರಮ. ಆರೋಗ್ಯವಂತ ಬಾಯಲ್ಲಿ ಅದು ಎರಡು, ಹೆಚ್ಚೆಂದರೆ ಮೂರು ಗೆರೆ ಇಳಿಯುತ್ತದೆ. ಇವಳಿಗೆ ದವಡೆಯ ಹಲ್ಲುಗಳ ಹತ್ತಿರ ಏಳು, ಎಂಟು. ಎಕ್ಸ್‌ರೇಯಲ್ಲಿ ಹಲ್ಲಿನ ಬೇರನ್ನು ಹಿಡಿದ ಮೂಳೆ ಅಲ್ಲಲ್ಲಿ ಅರ್ಧಕ್ಕರ್ಧ ಹೋಗಿತ್ತು. ಸೂಕ್ಷ್ಮಾಣುಗಳು ಎಲ್ಲರ ಬಾಯಲ್ಲೂ ಇರುತ್ತವೆ. ಹಲ್ಲಿನ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ, ಬ್ರಷ್ ತಾಗದಿದ್ದರೆ ಮೆಲ್ಲಗೆ ವಸಡಿನ ಕೆಳಗೆ ಇಳಿಯುತ್ತವೆ. ಅಲ್ಲಿ ಗಾಳಿಯಿಲ್ಲ, ಗಾಳಿ ಬೇಡದ ಜಾತಿಗಳೇ ಅಲ್ಲಿ ಸಂಸಾರ ಹೂಡುತ್ತವೆ. ಮೂಳೆಯನ್ನು ತಿನ್ನುವುದು ಅವಲ್ಲ. ಅವುಗಳ ಮೇಲೆ ಸಿಟ್ಟಿಗೆದ್ದ ಮೈಯೇ ತನ್ನ ಮೂಳೆಯನ್ನು ತಾನು ಕರಗಿಸಿಕೊಳ್ಳುತ್ತಾ ಹಿಂದೆ ಸರಿಯುತ್ತದೆ. ಕೆಲವು ಮನೆತನಗಳಲ್ಲಿ ಈ ಸಿಟ್ಟು ಎಳೆಯ ವಯಸ್ಸಿಗೇ ಬರುತ್ತದೆ. ಇವಳ ತಪ್ಪು ಅದರಲ್ಲಿ ಬಹಳ ಇರಲಿಲ್ಲ. ಆದರೂ ನಾನು ಬೈದೆ, ಬೈಯುವುದು ನನಗೆ ರೂಢಿ.

ಇಷ್ಟನ್ನೆಲ್ಲ ಬಾಯಿಮಾತಿನಲ್ಲಿ ಹೇಳಿದರೆ ಜನ ತಲೆ ಆಡಿಸಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಅದಕ್ಕೇ ನಾನು ಬಳ್ಳಾರಿಯಲ್ಲಿ ಮುಚ್ಚಿಹೋದ ಒಂದು ಲ್ಯಾಬಿನಿಂದ ಕ್ಯಾಮೆರಾ ಇರುವ ಸೂಕ್ಷ್ಮದರ್ಶಕ ತಂದಿದ್ದೆ. ಅದರ ತಂತಿಯನ್ನು ಹೊರಗೆ ಕಾಯುವವರ ಕೋಣೆಯ ಟಿವಿಗೆ ಜೋಡಿಸಿದ್ದೆ. ಒಬ್ಬರ ಬಾಯಿ ಕಂಡು ಹತ್ತು ಮಂದಿ ಬುದ್ಧಿ ಕಲಿಯಲಿ ಎಂಬುದು ನನ್ನ ಲೆಕ್ಕ. ಮುಖ ಕಾಣುವುದಿಲ್ಲವಲ್ಲ, ಯಾರದೆಂದು ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಒಳಗೆ ಹೋದವರು ಯಾರು ಎಂದು ಹೊರಗೆ ಕೂತವರಿಗೆಲ್ಲ ಗೊತ್ತಿರುತ್ತದೆ ಎಂಬುದು ಇಷ್ಟು ಓದಿದ ನನ್ನ ತಲೆಗೆ ಹೊಳೆದಿರಲಿಲ್ಲ.

ಎಂಟು ಮಿಲಿಮೀಟರಿನ ಗುಂಡಿಯಿಂದ ಸಣ್ಣ ಉಪಕರಣದ ತುದಿಯಲ್ಲಿ ಸ್ವಲ್ಪ ಲೋಳೆ ತೆಗೆದೆ. ಗಾಜಿನ ಮೇಲೆ ಒಂದು ಹನಿ ಉಪ್ಪುನೀರಿನಲ್ಲಿ ಕದಡಿ, ಮೇಲೆ ತೆಳುಗಾಜು ಮುಚ್ಚಿ, ಕಾಗದದಿಂದ ಒತ್ತಿ ಮಸೂರದ ಕೆಳಗಿಟ್ಟೆ. ನನ್ನ ಸಹಾಯಕಿ, ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ಬಾಗಿಲಿನಿಂದ ಒಮ್ಮೆ ಹೊರಗೆ ಬಗ್ಗಿ ನೋಡಿ ಬಂದು, "ಮೇಡಂ, ಹೊರಗಿನ ಟಿವಿ ಆರಸ್ಲೇನ್ರಿ? ಭಾಳ ಮಂದಿ ಅದಾರ" ಎಂದಳು.

"ಇರ್ಲಿ ಬಿಡು" ಎಂದೆ.

ಪರದೆಯ ಮೇಲೆ ಚುಕ್ಕೆಗಳು, ಕಡ್ಡಿಗಳು, ಅವುಗಳ ನಡುವೆ ಸುರುಳಿ ಸುತ್ತಿಕೊಂಡು ಬಳುಕಿ ಓಡಾಡುವ ಎಳೆಗಳು. ಆ ಸುರುಳಿ ಜಾತಿ ಅಷ್ಟೊಂದು ಕಂಡರೆ ಗುಂಡಿ ಆಳವಿದೆ, ರೋಗ ಜೋರಾಗಿದೆ ಎಂದರ್ಥ. ಹುಡುಗಿ ಒಮ್ಮೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊರಗೆ ಯಾರೋ "ಯಪ್ಪಾ, ಹುಳ ನೋಡ್ಲೇ!" ಎಂದದ್ದು ಕೇಳಿಸಿತು. ನನಗೆ ಆಗ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಅವಳ ಅತ್ತೆ ಮೊಮ್ಮಗನನ್ನು ಬಗಲಲ್ಲಿಟ್ಟುಕೊಂಡು ಒಳಗೆ ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು. ಬಾಯಲ್ಲಿ ಒಂದೂ ಹಲ್ಲಿಲ್ಲ, ಅದಕ್ಕೆ ಎಲೆ-ಅಡಿಕೆ ಜಜ್ಜುವ ಹಿತ್ತಾಳೆಯ ಕುಟ್ಟಾಣಿ ಸದಾ ಸೊಂಟದ ಚೀಲದಲ್ಲಿ. "ಇವು ನನ್ನ ಸೊಸಿ ಬಾಯಾಗಿನವೇನ್ರಿ?" ಎಂದಳು.

ಹೌದೆಂದೆ. ಆಮೇಲೆ, ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದೆ. ಕೂಸಿಗೆ ರೊಟ್ಟಿ ಹೇಗೆ ತಿನ್ನಿಸುತ್ತೀರಿ? ನಮ್ಮ ಕಡೆ ತಾಯಂದಿರು ರೊಟ್ಟಿಯನ್ನು ತಾವು ಅಗಿದು ಮೆತ್ತಗೆ ಮಾಡಿ ಕೂಸಿನ ಬಾಯಿಗಿಡುತ್ತಾರೆ. ಇವಳೂ ಹಾಗೇ ಮಾಡುತ್ತಿದ್ದಳು. "ಇನ್ನ ಅದು ಬಂದ್. ನಿನ್ನ ಬಾಯಾಗಿಂದು ಅದರ ಬಾಯಿಗೆ ಹೋಗ್ತೈತಿ" ಎಂದೆ. ವೈದ್ಯಕೀಯವಾಗಿ ಸರಿಯಾದ ಸಲಹೆ. ಅತ್ತೆ ಕೂಸನ್ನು ಈ ಬಗಲಿನಿಂದ ಆ ಬಗಲಿಗೆ, ಸೊಸೆಯಿಂದ ದೂರಕ್ಕೆ ಬದಲಿಸಿದಳು.

ಮುಂದಿನ ಸೋಮವಾರ ಹುಡುಗಿ ಒಬ್ಬಳೇ ಬಂದಳು. ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದಳು. ಬಾಯನ್ನು ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲಿನಂತೆ ಮರಗಟ್ಟಿಸುವ ಸೂಜಿ ಕೊಟ್ಟು, ವಸಡಿನ ಒಳಗಿನ ಗಾರೆಯಂಥ ಗಟ್ಟಿ ಕೊಳೆಯನ್ನು ಬೇರಿನಿಂದ ಕೆರೆದು ನುಣುಪು ಮಾಡುವುದು ನನ್ನ ಯೋಜನೆ. ಕೂಸಿಗೆ ಹಾಲು ಬಿಡಿಸಿ ಎರಡು ತಿಂಗಳಾಗಿದ್ದರಿಂದ ಮಾತ್ರೆ ಕೊಡಲೂ ಅಡ್ಡಿ ಇರಲಿಲ್ಲ. ಟವೆಲ್ ಯಾಕೆಂದು ಕೇಳಿದೆ.

"ಅತ್ತಿ ಕಟ್ಕ ಅಂದಾರ್ರಿ. ಒಲಿ ಮುಂದ ಕುಂದ್ರಬ್ಯಾಡ ಅಂದಾರ. ಕೂಸಿನ್ನ ಮುಟ್ಟಗೊಡಾಕತ್ತಿಲ್ರಿ, ರಾತ್ರಿ ಅವ್ರ ಹತ್ರಾನ ಮಲಗಸ್ಕಂತಾರ."

"ಮುಟ್ಟಿದ್ರ ಬರೂದಿಲ್ಲಂತ ಹೇಳು ಅವ್ರಿಗೆ."

"ನಾ ಹೇಳಿದ್ರ ಯಾರು ಕೇಳ್ತಾರ್ರಿ? ನೀವು ಟಿವ್ಯಾಗ ತೋರ್ಸೀರಲ್ಲ."

ಎಡಗಡೆಯ ಮೇಲಿನ ಪಾಲು ಮುಗಿಸಿದೆ. ಒಂದು ಗಂಟೆ ಕೆರೆದೆ. ಅವಳು ಒಮ್ಮೆಯೂ ನರಳಲಿಲ್ಲ. ಒಳ್ಳೆ ರೋಗಿ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಅವಳ ಮನೆಯ ಸಂಗತಿ ನನ್ನ ಕೆಲಸವಲ್ಲ ಎಂದುಕೊಂಡೆ.

ಊರ ಬಾಯಿಗೆ ಮುಚ್ಚಳ ಇಲ್ಲ. ಎರಡೇ ವಾರದಲ್ಲಿ ಸುದ್ದಿ ಬಸ್‌ಸ್ಟ್ಯಾಂಡ್ ದಾಟಿ ಕೂಡ್ಲಿಗಿ ರಸ್ತೆಯ ಗ್ಯಾರೇಜುಗಳವರೆಗೆ ಹೋಗಿತ್ತು. ಖಾನಾವಳಿಗೆ ಬಂದು ಕೂತ ಲಾರಿಯವರು ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಯಜಮಾನ್ರ, ಪಲ್ಯಾ ಒಂದ ಸಾಕು, ಹುಳ ನೀವ ಇಟ್ಗರಿ" ಎಂದು ನಕ್ಕು ಎದ್ದು ಹೋಗುತ್ತಿದ್ದರಂತೆ. ಇದನ್ನು ನನಗೆ ಹೇಳಿದವನು ಅವಳ ಗಂಡ. ಮೂವತ್ತರ ಮೆತ್ತನೆಯ ಮನುಷ್ಯ, ಬೀದಿಯಲ್ಲಿ ತಾಯಿ ಎದುರಾದರೂ ಪಕ್ಕಕ್ಕೆ ಸರಿದು ನಿಲ್ಲುವಂಥವನು. ಚಪ್ಪಲಿ ಹೊರಗೆ ಬಿಟ್ಟು ಬಂದು ನನ್ನ ಮೇಜಿನ ಮುಂದೆ ನಿಂತ.

"ಮೇಡಂ, ಒಂದು ಚೀಟಿ ಬರ್ದು ಕೊಡ್ರಿ. ಇಕಿ ಬಾಯಿ ಸ್ವಚ್ಛ ಐತಿ, ಇಕಿ ಕೈಲೆ ಮಾಡಿದ್ದು ಉಂಡ್ರ ಯಾರಿಗೂ ರೋಗ ಬರೂದಿಲ್ಲ ಅಂತ ಎರಡ ಸಾಲು. ಮ್ಯಾಲೊಂದು ಸೀಲ್ ಹೊಡೀರಿ ಸಾಕು."

"ಸ್ವಚ್ಛ ಇಲ್ಲದ ಬಾಯಿನ್ನ ಸ್ವಚ್ಛ ಐತಿ ಅಂತ ಹೆಂಗ ಬರೀಲಿ? ನಾನು ಸುಳ್ಳು ಸರ್ಟಿಫಿಕೇಟ್ ಕೊಡೂದಿಲ್ಲ. ಚಿಕಿತ್ಸಾ ಮುಗೀಲಿ."

"ಅಲ್ಲಿತನ ಮನ್ಯಾಗ..."

"ನಿಮ್ಮವ್ವನ್ನ ಕರ್ಕಂಡು ಬಾ. ನಾನ ತಿಳಿಸಿ ಹೇಳ್ತೀನಿ."

ತಿಳಿಸಿ ಹೇಳುವ ದಾರಿ ನನಗೆ ಗೊತ್ತಿದ್ದದ್ದು ಒಂದೇ. ಗುರುವಾರ ಅತ್ತೆ, ಗಂಡ, ಸೊಸೆ ಮೂವರೂ ಬಂದರು. ಈ ಸಲ ಹೊರಗಿನ ಟಿವಿಯ ತಂತಿ ಕಿತ್ತು ಹಾಕಿದ್ದೆ, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿದ ಹಾಗೆ. ಎಲ್ಲರ ಬಾಯಲ್ಲೂ ಇವು ಇವೆ ಎಂದು ತೋರಿಸುತ್ತೇನೆ ಎಂದೆ. ಮೊದಲು ಗಂಡನ ಬಾಯಿಂದ ತೆಗೆದ ಲೋಳೆ ನೋಡಿದೆವು. ಅವನೂ ಸುಣ್ಣ-ತಂಬಾಕಿನ ಗಿರಾಕಿ, ಬೇಕಾದಷ್ಟು ಓಡಾಡುತ್ತಿದ್ದವು. "ನೋಡ್ರಿ, ನಿಮ್ಮ ಮಗನ ಬಾಯಾಗೂ ಅದಾವ" ಎಂದೆ ಗೆದ್ದವಳ ಹಾಗೆ.

"ಅವನೇನು ರೊಟ್ಟಿ ಬಡೀತಾನೇನ್ರಿ?" ಎಂದಳು ಅತ್ತೆ. "ನನ್ನ ಬಾಯಾಗ ತೆಗೀರಿ ನೋಡಾಣು."

ಅಲ್ಲಿ ನಾನು ನಿಲ್ಲಿಸಬೇಕಿತ್ತು. ಹಲ್ಲು ಇಲ್ಲದ ಬಾಯಲ್ಲಿ ವಸಡಿನ ಗುಂಡಿ ಇರುವುದಿಲ್ಲ, ಗುಂಡಿಯಿಲ್ಲದಿದ್ದರೆ ಗಾಳಿ ಬೇಡದ ಸುರುಳಿ ಜಾತಿಗೆ ಮನೆಯಿಲ್ಲ. ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ಸಿಟ್ಟಿನಲ್ಲಿ ನನಗೆ ಅದು ನೆನಪಾಗಲಿಲ್ಲ. ಬೋಳು ವಸಡಿನ ಮೇಲೆ ಉಪಕರಣ ಎಳೆದು, ಗಾಜಿಗೆ ಹಚ್ಚಿ, ಮಸೂರದ ಕೆಳಗಿಟ್ಟೆ. ಪರದೆಯಲ್ಲಿ ಬೆಳ್ಳನೆಯ ಬಯಲು. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಲುಗಾಡದೆ ಬಿದ್ದಿದ್ದವು.

ಮುದುಕಿ ಬಹಳ ಹೊತ್ತು ನೋಡಿದಳು. ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಸಂತೆಯಲ್ಲಿ ತೂಕ ಸರಿಯಿದೆಯೆಂದು ಒಪ್ಪಿಕೊಂಡವಳ ಹಾಗೆ ತಲೆ ಆಡಿಸಿದಳು.

"ಹಲ್ಲಿದ್ರ ಹುಳ. ಹಲ್ಲಿಲ್ಲಂದ್ರ ಇಲ್ಲ. ನೀವ ತೋರ್ಸೀರಿ. ಅಂದ್ರ ಇಕಿ ಹಲ್ಲು ಕಿತ್ತು ಬಿಡ್ರಿ."

"ಇಪ್ಪತ್ನಾಕು ವರ್ಷದ ಹುಡುಗಿ ಬಾಯಾಗಿನ ಇಪ್ಪತ್ತೆಂಟು ಹಲ್ಲು ಕೀಳ್ಬೇಕಾ? ತಲಿ ನೆಟ್ಟಗೈತೇನ್ರಿ ನಿಮಗ?"

"ನನಗ ನಲವತ್ತಕ್ಕ ಹೋದವು. ನಾ ಬದುಕಿಲ್ಲೇನು? ಉಣ್ಣಾಕ ಕುಟ್ಟಾಣಿ ಐತಿ." ಕೂಸಿಗೂ ಈಗ ಅವಳು ಅದರಲ್ಲೇ ರೊಟ್ಟಿ ಕುಟ್ಟಿ ತಿನ್ನಿಸುತ್ತಿದ್ದಳು. "ಅಂಗಡಿ ಮುಚ್ಚೂದ್ಕಿಂತ ಇಕಿ ಹಲ್ಲು ಹೋಗ್ಲಿ."

ಬೈದು ಹೊರಗೆ ಕಳಿಸಿದೆ. ಹಲ್ಲು ಕೀಳಿಸುವ ಮಾತಿದ್ದರೆ ನನ್ನ ಬಾಗಿಲಿಗೆ ಬರಬೇಡಿ ಎಂದೆ. ಅತ್ತೆಗೆ ಹೇಳಿದ ಮಾತು, ಅದನ್ನು ಸೊಸೆಯೂ ಕೇಳಿಸಿಕೊಂಡಳು. ಎಲ್ಲ ನಡೆಯುವಾಗ ಅವಳು ಮೂಲೆಯ ಸ್ಟೂಲಿನ ಮೇಲೆ ತನ್ನ ಬಾಯಿಯ ಪಂಚಾಯಿತಿ ತನ್ನದಲ್ಲವೆಂಬಂತೆ ಕೂತಿದ್ದಳು. ಅವಳನ್ನು ನಾವ್ಯಾರೂ ಒಂದು ಮಾತೂ ಕೇಳಲಿಲ್ಲ.

ಆದರೂ ಅವಳು ಸೋಮವಾರ ತಪ್ಪಿಸಲಿಲ್ಲ. ಎರಡನೇ ಪಾಲು, ಮೂರನೆಯದು, ನಾಲ್ಕನೆಯದು. ಕೆಳಗಿನ ಮುಂದಿನ ಹಲ್ಲುಗಳನ್ನು ಒಳಗಡೆಯಿಂದ ತೆಳು ತಂತಿ ಮತ್ತು ಅಂಟಿನಿಂದ ಒಂದಕ್ಕೊಂದು ಬಿಗಿದೆ. ಹಲ್ಲಿನ ಸಂದಿಗೆ ಸಣ್ಣ ಬ್ರಷ್ ಹಾಕುವುದನ್ನು ಕಲಿಸಿದೆ. ಒಂದೇ ಸಲಕ್ಕೆ ಕಲಿತಳು, ಹಿಟ್ಟು ಹದ ಮಾಡುವ ಬೆರಳುಗಳು ಅವು. ಆರು ವಾರದ ನಂತರ ಮತ್ತೆ ಅಳೆದೆ. ಎಂಟು ಇದ್ದಲ್ಲಿ ನಾಲ್ಕು. ಏಳಿದ್ದಲ್ಲಿ ಮೂರು. ಕಡ್ಡಿ ತಾಗಿಸಿದರೆ ರಕ್ತವಿಲ್ಲ. ವಸಡು ಬಿಗಿದು ತಿಳಿಗುಲಾಬಿಗೆ ತಿರುಗಿತ್ತು. ಲೋಳೆ ನೋಡಿದರೆ ಸುರುಳಿಗಳು ಹುಡುಕಿದರೆ ಒಂದೆರಡು.

ಈ ಕೆಲಸದಲ್ಲಿ ಇಂಥ ಫಲ ಅಪರೂಪ. ನಾನು ಹಿಗ್ಗಿಹೋದೆ. ಮೊದಲಿನ ಫೋಟೋ, ಈಗಿನ ಫೋಟೋ ಪಕ್ಕಪಕ್ಕ ಇಟ್ಟು ದಂತವೈದ್ಯರ ಸಭೆಯಲ್ಲಿ ತೋರಿಸಬೇಕೆಂದು ಆರು ಕೋನಗಳಿಂದ ಕ್ಯಾಮೆರಾ ಹಿಡಿದೆ. ಅವಳ ತುಟಿಯನ್ನು ಎಳೆದು ಹಿಡಿದಿದ್ದ ಪ್ಲಾಸ್ಟಿಕ್ ತೆಗೆದ ಮೇಲೆ ಅವಳು ಕೇಳಿದಳು.

"ಮೇಡಂ, ಈಗ ಆ ಚೀಟಿ ಬರ್ದು ಕೊಡ್ತೀರೇನ್ರಿ? ಅವ್ರು ಕೇಳಿದ್ರಲ್ಲ."

"ಇನ್ನೂ ಒಂದೆರಡು ಕಡೆ ನಾಕು ಮಿಲಿಮೀಟರ್ ಐತವ್ವಾ. ಪೂರ್ತಿ ಸ್ವಚ್ಛ ಅಂತ ಬರ್ಯಾಕ ಬರೂದಿಲ್ಲ. ಮೂರು ತಿಂಗಳ ಬಿಟ್ಟು ನೋಡಾಣು."

"ಮೂರು ತಿಂಗಳಾ?" ಅವಳು ಬೆರಳು ಮಡಚಿ ಏನೋ ಎಣಿಸಿದಳು. "ಕೂಸು ನನ್ನ ಕಂಡ್ರ ಅಳಾಕತ್ತೈತ್ರಿ. ನನ್ನ ಮಾರಿ ಮ್ಯಾಲಿನ ಟವೆಲ್ ನೋಡಿ ಅಂಜತೈತಿ. ಒಂದು ಸಾಲು ಬರ್ದ್ರ..."

"ಆತುರ ಮಾಡಬ್ಯಾಡ. ಹಲ್ಲು ಉಳದಾವಲ್ಲ, ಅದು ದೊಡ್ಡದು" ಎಂದೆ. ಹೊರಗೆ ಇನ್ನೂ ನಾಲ್ಕು ಮಂದಿ ಕಾಯುತ್ತಿದ್ದರು. ನಾನು ಕೈಗವಸು ಬದಲಿಸುತ್ತಿದ್ದೆ, ಅವಳು ಹೋದದ್ದನ್ನು ನೋಡಲಿಲ್ಲ.

ಮೂರು ತಿಂಗಳಿಗೆ ಬರಲಿಲ್ಲ. ಫೋನಿಗೆ ಸಿಗಲಿಲ್ಲ. ಖಾನಾವಳಿಯ ಡಬ್ಬಿಯನ್ನು ನಾನು ಸಿಟ್ಟಿಗೆ ಎಂದೋ ನಿಲ್ಲಿಸಿದ್ದೆ. ನಾಲ್ಕೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸಹಾಯಕಿ ಒಳಗೆ ಬಂದು, "ಖಾನಾವಳಿಯವ್ರು ಬಂದಾರ್ರಿ" ಎಂದಳು. ಅವಳ ಮುಖ ಸರಿ ಇರಲಿಲ್ಲ.

ಅತ್ತೆ ಮುಂದೆ, ಸೊಸೆ ಹಿಂದೆ. ಟವೆಲ್ ಇರಲಿಲ್ಲ. ಮೂಗಿನ ಕೆಳಗಿನ ಭಾಗ ಒಳಗೆ ಕುಸಿದಿತ್ತು, ಗದ್ದ ಮುಂದೆ ಬಂದಿತ್ತು. ಒಂದು ಕ್ಷಣ ಅವಳ ಚಿಗಟೇರಿಯ ತಾಯಿಯೇ ಬಂದಳೇನೋ ಎಂದುಕೊಂಡೆ.

ಕುರ್ಚಿಯಲ್ಲಿ ಕೂರಿಸಿ ಬಾಯಿ ತೆರೆಸಿದೆ. ಇಪ್ಪತ್ತೆಂಟೂ ಇಲ್ಲ. ವಸಡು ಮಾತ್ರ ಚೆನ್ನಾಗಿ ಮಾಗಿತ್ತು.

"ಎಲ್ಲಿ ಕೀಳಿಸಿದ್ರಿ?"

"ಒಬ್ಬ ಅದಾನ್ರಿ, ಬ್ಯಾರೆ ಊರಾಗ" ಎಂದಳು ಹುಡುಗಿ. ಹಲ್ಲಿಲ್ಲದೆ ಮಾತು ಗಾಳಿಯಾಗಿ ಬರುತ್ತಿತ್ತು. "ಬಾಡಿಗಿ ಕೋಣ್ಯಾಗ ಕುಂದ್ರತಾನ. ಡಾಕ್ಟ್ರಿಕಿ ಓದಿದಾಂವ ಅಲ್ಲ. ಸಲಕ್ಕ ಮೂರು, ನಾಕು ಹಲ್ಲು. ಎಂಟ ಸಲ ಹೋಗಿ ಬಂದ್ವಿ."

"ಯಾಕವ್ವಾ? ಉಳದಿದ್ವಲ್ಲ ಅವು! ನಿನಗ ಹೇಳಿದ್ದೆ ನಾನು!"

ಅವಳು ನನ್ನನ್ನು ಸಮಾಧಾನ ಮಾಡುವವಳಂತೆ ನೋಡಿದಳು. "ನೀವು ಕೆಲಸ ಚಲೋ ಮಾಡಿದ್ರಿ ಮೇಡಂ. ಆ ಮನಷ್ಯಾನೂ ಅಂದ. ಇವು ಭಾಳ ಬಿಗಿ ಅದಾವಲ್ಲ ಅಂತ. ನೀವು ಗಟ್ಟಿ ಮಾಡಿದ ಹಲ್ಲು ಕೀಳಾಕ ಅವಂಗ ಭಾಳ ತ್ರಾಸಾತ್ರಿ. ಒಂದು ಮುರದು ಒಳಗ ಉಳೀತು, ಅದನ್ನ ತೆಗ್ಯಾಕ ಮತ್ತೊಂದಿನ ಹೋದ್ವಿ."

ನಾನು ಕೈಗವಸು ಬಿಚ್ಚಿ ತೊಟ್ಟಿಗೆ ಹಾಕಿ, ಯಾಕೆ ಬಿಚ್ಚಿದೆನೆಂದು ತಿಳಿಯದೆ ಇನ್ನೊಂದು ಜೊತೆ ಹಾಕಿಕೊಂಡೆ.

"ಈಗ ನೋಡ್ರಿ" ಎಂದಳು ಅತ್ತೆ. "ನಿಮ್ಮ ಮಸೀನಿನ್ಯಾಗ ನೋಡಿ, ಚೀಟಿ ಬರ್ದು ಕೊಡ್ರಿ. ಅದಕ್ಕ ಬಂದೀವಿ."

ನೋಡಿದೆ. ಬೆಳ್ಳನೆಯ ಬಯಲು, ಅಲುಗಾಡದ ಚುಕ್ಕೆಗಳು. ನಾಲಿಗೆಯ ಮೇಲಿಂದ ತೆಗೆದಿದ್ದರೆ ಇನ್ನೂ ಎಷ್ಟೋ ಬಗೆ ಕಾಣುತ್ತಿದ್ದವು, ಅವು ಸಾಯುವವರೆಗೆ ಎಲ್ಲರ ನಾಲಿಗೆಯ ಮೇಲೂ ಇರುತ್ತವೆ. ನಾನು ನಾಲಿಗೆಯನ್ನು ಮುಟ್ಟಲಿಲ್ಲ. ಲೆಟರ್‌ಹೆಡ್ ಎಳೆದುಕೊಂಡು, ಏನು ಬರೆಯಲಿ ಎಂದು ಕೇಳಿದೆ.

"ಅದ, ಅವತ್ತು ನನ್ನ ಮಗ ಹೇಳಿದ್ದ. ಇಕಿ ಕೈಲೆ ಮಾಡಿದ್ದು ಉಂಡ್ರ ಯಾರಿಗೂ ರೋಗ ಬರೂದಿಲ್ಲ."

ಪೆನ್ನು ಕಾಗದಕ್ಕೆ ತಾಗಿದಾಗಲೇ ನನಗೆ ತಿಳಿದದ್ದು. ಗಂಡ ಅವತ್ತು ಎರಡು ಸಾಲು ಕೇಳಿದ್ದ. ಬಾಯಿ ಸ್ವಚ್ಛ ಎಂಬ ಮೊದಲನೆಯದು ಸುಳ್ಳು. ಎರಡನೆಯದು ಅವತ್ತೂ ನಿಜವೇ ಆಗಿತ್ತು. ವಸಡಿನ ರೋಗ ಕೈಯಿಂದ ಹಿಟ್ಟಿಗೆ, ಹಿಟ್ಟಿನಿಂದ ಕಾದ ಹಂಚಿಗೆ, ಹಂಚಿನಿಂದ ಲಾರಿಯವರ ಬಾಯಿಗೆ ಹೋಗುವುದಿಲ್ಲ. ಅಷ್ಟು ತಿಂಗಳು ಅವಳ ರೊಟ್ಟಿ ತಿಂದ ನನಗೆ ಅದು ಗೊತ್ತಿತ್ತು. ಆ ಒಂದು ಸಾಲನ್ನು ಮಾತ್ರ ಬರೆದು ಸೀಲು ಒತ್ತಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಸತ್ಯವಂತೆ ಅನ್ನಿಸಿಕೊಳ್ಳುವ ಗಡಿಬಿಡಿಯಲ್ಲಿ ಸತ್ಯವನ್ನೇ ಬರೆಯಲಿಲ್ಲ. ನನ್ನ ಸೊಕ್ಕಿಗೆ ಆ ಹುಡುಗಿ ತನ್ನ ಬಾಯಿ ಕೊಟ್ಟಳು.

ಬರೆದೆ. ಸಹಿ ಮಾಡಿದೆ. ಸೀಲು ಒತ್ತಿದೆ. ಅತ್ತೆ ಅದನ್ನು ಓದಲು ಬಾರದಿದ್ದರೂ ಮೇಲಿನಿಂದ ಕೆಳಗೆ ನೋಡಿ, ಸೀಲಿನ ಮೇಲೆ ಬೆರಳಾಡಿಸಿ, ಕುಟ್ಟಾಣಿಯ ಚೀಲದಲ್ಲಿ ಮಡಚಿಟ್ಟುಕೊಂಡಳು. ಹಲ್ಲಿನ ಸೆಟ್ ಮಾಡಿಕೊಡುತ್ತೇನೆ, ದುಡ್ಡು ಬೇಡ ಎಂದೆ.

"ಬ್ಯಾಡ ಬಿಡ್ರಿ. ಮತ್ತ ಅದರಾಗ ಹುಳ ಕುಂತ್ರ?" ಎಂದಳು ಅತ್ತೆ.

ಹದಿನೈದು ದಿನ ತಡೆದು ಒಂದು ಮಧ್ಯಾಹ್ನ ನಾನೇ ಖಾನಾವಳಿಗೆ ಹೋದೆ. ಜನ ತುಂಬಿದ್ದರು. ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಪಟದ ಕೆಳಗೆ, 'ಕೈ ತೊಳೆದು ಕುಳಿತುಕೊಳ್ಳಿರಿ' ಎಂಬ ಬೋರ್ಡಿನ ಪಕ್ಕದಲ್ಲಿ ನನ್ನ ಕಾಗದ ಪ್ಲಾಸ್ಟಿಕ್ಕಿನೊಳಗೆ ಹೊಳೆಯುತ್ತಿತ್ತು. ಮೂಲೆಯ ಬಲ್ಬಿನ ಬೆಳಕು ಸರಿಯಾಗಿ ನನ್ನ ಸಹಿಯ ಮೇಲೆ ಬೀಳುತ್ತಿತ್ತು. ಗಂಡ ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದ. ಲಾರಿಯವರೊಬ್ಬರು ಗೋಡೆ ತೋರಿಸಿ ಪಕ್ಕದವರಿಗೆ, "ಡಾಕ್ಟ್ರ ಬರ್ದು ಕೊಟ್ಟಾರ, ತಿನ್ನಲೇ" ಎನ್ನುತ್ತಿದ್ದರು.

ಅವಳೇ ತಾಟು ತಂದಿಟ್ಟಳು. ಕೂಸು ಅವಳ ಬಗಲಲ್ಲಿತ್ತು, ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಿತ್ತು.

"ಈಗ ನನ್ನ ಹತ್ರಾನ ಮಲಗತೈತ್ರಿ" ಎಂದು ನಕ್ಕಳು, ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. "ಉಣ್ರಿ ಮೇಡಂ. ಇವತ್ತಿನ ರೊಟ್ಟಿ ಕಡಕ್ ಬಂದಾವ."

ಒಲೆಯ ಪಕ್ಕಕ್ಕೆ ಹೋಗಿ ಕೂತು, ಅವಳು ಹಿತ್ತಾಳೆಯ ಕುಟ್ಟಾಣಿಯಲ್ಲಿ ರೊಟ್ಟಿ ಮುರಿದು ಹಾಕಿ, ಸಾರು ಬಿಟ್ಟು ಕುಟ್ಟತೊಡಗಿದಳು. ಮೊದಲ ತುತ್ತು ಕೂಸಿಗೆ ಇಟ್ಟಳು. ಎರಡನೆಯದು ತಾನು ತಿಂದಳು. ನನ್ನ ತಾಟಿನಲ್ಲಿ ಎರಡು ರೊಟ್ಟಿಗಳಿದ್ದವು. ಅವಳು ಆಗಾಗ ಕತ್ತೆತ್ತಿ ನಾನು ತಿನ್ನುತ್ತಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದಳು, ಆದ್ದರಿಂದ ಎರಡನ್ನೂ ಪೂರ್ತಿ ಅಗಿದು ನುಂಗಿ ಎದ್ದೆ.